ಊದುವ ಮೀಟರಿಗೊಂದು ಆಶೀರ್ವಾದ

ಮುಚೇಮಿ ಬೆಳಗ್ಗೆ ಲಾರಿ ಹತ್ತುವ ಮುನ್ನ ಮಾಡುತ್ತಿದ್ದ ಕೆಲಸ ನೋಡಿದರೆ ಇವನಿಗೆ ತಲೆ ಕೆಟ್ಟಿದೆ ಅಂತಲೇ ಯಾರಿಗಾದರೂ ಅನ್ನಿಸಬೇಕು. ಕಂಕುಳಿನಿಂದ ಒಂದು ಸಣ್ಣ ಕರಿ ಡಬ್ಬಿ ತೆಗೆಯುತ್ತಿದ್ದ. ಹೌದು, ಕಂಕುಳಿನಿಂದಲೇ. ನ್ಯೇರಿಯ ಬೆಟ್ಟಗಳಲ್ಲಿ ಜುಲೈ ತಿಂಗಳ ಬೆಳಗು ಅಂದರೆ ಹಲ್ಲಿಗೆ ಹಲ್ಲು ತಾಗುವ ಚಳಿ. ತಣ್ಣಗಿದ್ದರೆ ಆ ಡಬ್ಬಿ ಕೆಲಸ ಮಾಡುವುದಿಲ್ಲ, ಸುಮ್ಮನೆ ಕಣ್ಣು ಮಿಟುಕಿಸುತ್ತಾ ಕೂರುತ್ತದೆ. ಅದಕ್ಕೇ ಎದ್ದ ಕೂಡಲೇ ಮೊಟ್ಟೆಗೆ ಕಾವು ಕೊಟ್ಟ ಹಾಗೆ ಅದನ್ನು ಕಂಕುಳಲ್ಲಿ ಅದುಮಿಕೊಂಡೇ ಒಂದೇ ಕೈಯಲ್ಲಿ ಮುಖ ತೊಳೆಯುತ್ತಿದ್ದ. ಆಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಡಬ್ಬಿಗೆ ಹೊಸ ಕೊಳವೆ ಸಿಕ್ಕಿಸಿ, ಎದೆ ತುಂಬ ಉಸಿರೆಳೆದುಕೊಂಡು ಅದು ಪೀಪ್ ಅನ್ನುವ ತನಕ ಊದುತ್ತಿದ್ದ. ಸೊನ್ನೆ ಬರುತ್ತಿತ್ತು. ಆ ಸೊನ್ನೆಯನ್ನು ಕೆನ್ನೆಯ ಪಕ್ಕ ಹಿಡಿದು ಫೋಟೋ ತೆಗೆದು, ನೈವಾಶಾದಲ್ಲಿದ್ದ ಮಗಳಿಗೆ ಕಳಿಸುತ್ತಿದ್ದ.

ಕಳಿಸಿ, ಲಾರಿಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಚಹಾ ಫ್ಯಾಕ್ಟರಿಯ ಮೇಸ್ತ್ರಿ ಅತ್ತ ಕಡೆಯಿಂದ, "ಏನಯ್ಯಾ, ಬೆಟ್ಟದ ಮೇಲಿನ ಸೊಪ್ಪು ತಾನೇ ಇಳ್ಕೊಂಡು ಬರುತ್ತಾ?" ಅಂತ ಕೂಗುತ್ತಿದ್ದ. ಇವನಿಗೆ ಅದರ ಪರಿವೆಯೇ ಇಲ್ಲ. ಫೋನಿನಲ್ಲಿ ಎರಡು ಗೀಟು ನೀಲಿಯಾಗಬೇಕು. ನೀಲಿಯಾದರೆ ಮಗಳು ನೋಡಿದಳು ಅಂತ. ಅಷ್ಟೇ. ಉತ್ತರ ಇಲ್ಲ, ಒಂದು 'ಹೂಂ' ಕೂಡ ಇಲ್ಲ. ಆ ಎರಡು ನೀಲಿ ಗೀಟಿಗಾಗಿ ಗಂಡಸೊಬ್ಬ ಹೀಗೆ ಹಾತೊರೆಯುವುದನ್ನು ನೋಡಿದರೆ ನಗುವುದೋ ಅಳುವುದೋ ಗೊತ್ತಾಗುತ್ತಿರಲಿಲ್ಲ.

ಮಗಳ ಹೆಸರು ನ್ಯಾಗೂಥಿ. ಮುಚೇಮಿಯ ತಾಯಿಯ ಹೆಸರೂ ಅದೇ. ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರಿಡದ ಮನೆ ಆ ಸೀಮೆಯಲ್ಲಿಲ್ಲ. ಹಾಗಾಗಿ ಅವನು ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ, ತೊಟ್ಟಿಲಲ್ಲಿದ್ದಾಗಿನಿಂದಲೂ 'ಅವ್ವ'. ಹೆಂಡತಿ ಮುಕಾಮಿ ಎದೆಯಲ್ಲಿ ಕಫ ಕಟ್ಟಿ ಜ್ವರದಲ್ಲಿ ಹೋದಾಗ ಆ ಅವ್ವನಿಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. ಹೆಂಡತಿ ಸತ್ತ ದುಃಖಕ್ಕೆ ಕುಡುಕನಾದ ಅಂತ ಊರವರು ಕನಿಕರದಿಂದ ಅನ್ನುತ್ತಿದ್ದರು. ಶುದ್ಧ ಸುಳ್ಳು. ಹೆಂಡತಿ ಇದ್ದಾಗಲೂ ಕುಡಿಯುತ್ತಿದ್ದ. ಸತ್ತ ಮೇಲೆ ಕೇಳುವವರಿಲ್ಲ ಅಂತ ಇನ್ನಷ್ಟು ಕುಡಿದ.

ಒಮ್ಮೆ ಶಾಲೆಗೆ ರಜೆ ಬಿಟ್ಟ ದಿನ ಹಾಸ್ಟೆಲಿನ ಅಂಗಳದಲ್ಲಿ ತಗಡಿನ ಪೆಟ್ಟಿಗೆಯ ಮೇಲೆ ಕೂತು ಹುಡುಗಿ ಕಾಯುತ್ತಿದ್ದಳು. ಎಲ್ಲರ ಅಪ್ಪಂದಿರು ಬಂದು ಹೋದ ಮೇಲೆ ಮುಚೇಮಿ ಬಂದ, ಯಾರದೋ ಪಿಕಪ್ ಕೇಳಿ ತಂದುಕೊಂಡು, ಮೈಯೆಲ್ಲ ಹೆಂಡ ನಾರುತ್ತಾ. ದಾರಿಯುದ್ದಕ್ಕೂ ಹಾಡು ಹೇಳಿದ. ಚಹಾ ತೋಟದ ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ಗಿಡಗಳ ಮೇಲೆ ಮಗುಚಿತು. ಇವನಿಗೆ ಒಂದು ತರಚು ಗಾಯವೂ ಇಲ್ಲ. ಕುಡುಕರನ್ನು ದೇವರು ಕಾಯುತ್ತಾನಂತೆ; ಪಕ್ಕದಲ್ಲಿ ಕೂತವರನ್ನು ಯಾಕೆ ಕಾಯುವುದಿಲ್ಲವೋ! ಹುಡುಗಿಯ ಹೆಗಲಿನ ಮೂಳೆ ಮುರಿದಿತ್ತು. ಮುಕಾಮಿಯ ತಂಗಿ ವಂಜುಗು ಆಸ್ಪತ್ರೆಗೆ ಬಂದವಳು ಭಾವನ ಮುಖ ಕೂಡ ನೋಡದೆ ಅವಳನ್ನು ನೈವಾಶಾಕ್ಕೆ ಕರೆದುಕೊಂಡು ಹೋದಳು.

ವರ್ಷಗಳು ಉರುಳಿದವು. ಮಗಳು ಅಲ್ಲಿಯ ಗುಲಾಬಿ ತೋಟವೊಂದರಲ್ಲಿ ಹೂ ಕಟ್ಟುವ ಶೆಡ್ಡಿನ ಮೇಲ್ವಿಚಾರಕಿಯಾಗಿದ್ದಾಳೆ ಅಂತ ಸುದ್ದಿ ಬಂತು. ನೋಡಲೇಬೇಕು ಅನ್ನಿಸಿ ಮುಚೇಮಿ ಹೊರಟ. ಹೊರಟವನು ಧೈರ್ಯಕ್ಕಿರಲಿ ಅಂತ ದಾರಿಯಲ್ಲಿ ಎರಡು ಬಾಟಲಿ ಏರಿಸಿದ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಗೇಟಿನ ಕಾವಲುಗಾರ ಅವಳನ್ನು ಕರೆಸಿದ. ಬಂದಳು. ಹಸಿರು ಕೋಟು, ತಾಯಿಯದೇ ನಡಿಗೆ. ಸ್ವಲ್ಪ ದೂರದಲ್ಲೇ ನಿಂತಳು. ಗಾಳಿ ಅವಳ ಕಡೆಗೇ ಬೀಸುತ್ತಿತ್ತು. ಕಾವಲುಗಾರನಿಗೆ, "ಇವರು ಯಾರೋ, ನಂಗೊತ್ತಿಲ್ಲ" ಅಂದು ತಿರುಗಿ ಹೋದಳು.

ಪಾದ್ರಿಯ ಪ್ರಾರ್ಥನೆಗೆ ಬಿಡದ ಚಟ, ಕುಲದ ಹಿರಿಯರು ಹಾಕಿದ ದಂಡಕ್ಕೆ ಬಿಡದ ಚಟ ಆ ಒಂದು ಮಾತಿಗೆ ಬಿಟ್ಟಿತು. ಚಟ ಬಿಟ್ಟಿತು ಅಂದೆ, ಆಸೆ ಬಿಟ್ಟಿತು ಅನ್ನಲಿಲ್ಲ. ಸಂಜೆ ಪಕ್ಕದ ಅಂಗಳದಿಂದ ಜೇನುಹೆಂಡದ ಘಮ ಬೇಲಿ ದಾಟಿ ಬಂದರೆ ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗೆ ಕೂತರೆ ಮಗಳ ನೆನಪು, ಹೊರಗೆ ಬಂದರೆ ಹೆಂಡದ ವಾಸನೆ. ಎರಡರ ನಡುವೆ ಹೇಗೋ ದಿನ ತಳ್ಳುತ್ತಿದ್ದ.

ಹಾಗಿರುವಾಗ ಒಂದು ದಿನ ಫೋನು ಬಂತು.

"ನಾನು ನ್ಯಾಗೂಥಿ."

"ಅವ್ವಾ!"

"ನನ್ನ ಮದುವೆ ಮಾತು ನಡೀತಿದೆ. ಹುಡುಗನ ಹೆಸರು ಗಿಚೂಕಿ. ಅವರ ಕಡೆಯವರು ಶಾಸ್ತ್ರದ ಹೆಂಡ ತರೋದಾದ್ರೆ ಅಪ್ಪನ ಅಂಗಳಕ್ಕೇ ತರಬೇಕಂತೆ, ಚಿಕ್ಕಮ್ಮನ ಮನೇಲಿ ಆಗಲ್ವಂತೆ."

"ಇಲ್ಲೇ ಆಗ್ಲಿ ಅವ್ವಾ. ಈಗ ನಾನು ಮುಂಚಿನ ಥರ ಇಲ್ಲ, ಎಲ್ಲಾ ಬಿಟ್ಟು..."

"ಅಮ್ಮಂಗೂ ಪ್ರತಿ ಭಾನುವಾರ ಹೀಗೇ ಹೇಳ್ತಿದ್ರಿ. ಮಾತು ಬೇಡ. ಪೊಲೀಸ್ನೋರು ರಸ್ತೇಲಿ ಊದಿಸ್ತಾರಲ್ಲ, ಅಂಥದ್ದೊಂದು ತಗೊಳ್ಳಿ. ದಿನಾ ಬೆಳಿಗ್ಗೆ ಊದಿ ನಂಬರ್ ತೋರಿಸಿ. ವರ್ಷ ನೋಡ್ತೀನಿ. ಆಮೇಲೆ ಹೇಳ್ತೀನಿ."

ಪರರಿಗೆ ಅಂದ ಹಾಗೆ 'ತಗೊಳ್ಳಿ, ತೋರಿಸಿ' ಅಂದಳು. ಆದರೂ ಫೋನಿಟ್ಟ ಮೇಲೆ ಮುಚೇಮಿ ಬಹಳ ಹೊತ್ತು ಅದನ್ನೇ ಕಿವಿಗೆ ಹಿಡಿದುಕೊಂಡು ಕೂತಿದ್ದ. ಅವಳ ದನಿ ದೊಡ್ಡವಳ ದನಿಯಾಗಿತ್ತು. ಅದು ಯಾವಾಗ ಹಾಗಾಯಿತೋ ಅವನಿಗೆ ಗೊತ್ತಿರಲಿಲ್ಲ.

ಮೊದಲು ತಂದ ಮೀಟರು ಕರಟೀನಾ ಸಂತೆಯದು, ಫೋನಿನ ಕವರು ಮಾರುವವನ ಹತ್ತಿರ ಸಿಕ್ಕಿದ್ದು. ಪಕ್ಕದ ಅಂಗಳದ ಅಣ್ಣ ಗಥೋಗೊ ಅದನ್ನು ನೋಡಲು ಓಡಿ ಬಂದ. ಗಥೋಗೊ ಅಂದರೆ ಕುಲಕ್ಕೆ ಹಿರಿಯ, ಜೇನುಹೆಂಡ ಇಳಿಸುವುದರಲ್ಲಿ ಸುತ್ತ ಏಳು ಬೆಟ್ಟಕ್ಕೆ ಹೆಸರಾದವನು. ತಾನು ಇಳಿಸಿದ್ದನ್ನು ತಾನೇ ಮೊದಲು ರುಚಿ ನೋಡಬೇಕು ಅನ್ನುವ ನಿಯಮವನ್ನು ಎಂದೂ ಮುರಿದವನಲ್ಲ.

"ಕೊಡೋ ಇಲ್ಲಿ, ನಿನ್ನ ಪೀಪಿ ನಾನೊಂದು ಸಲ ಊದ್ತೀನಿ" ಅಂತ ಕಿತ್ತುಕೊಂಡು ಊದಿದ. ಸೊನ್ನೆ!

"ನೋಡಿದ್ಯಾ! ನಾನು ಹುಟ್ಟಿದಾಗಿಂದ ಒಂದು ತೊಟ್ಟು ಮುಟ್ಟಿಲ್ಲ ಅಂತೈತೆ! ಕೊಡು, ನಿಮ್ಮತ್ತಿಗೆಗೆ ತೋರಿಸ್ಕೊಂಡು ಬರ್ತೀನಿ."

ಮಾರನೆಯ ದಿನ ಮುಚೇಮಿ ಒಂದು ಕಳಿತ ಬಾಳೆಹಣ್ಣು ತಿಂದು ಊದಿದರೆ ಅದೇ ಮೀಟರು ಅವನನ್ನು ನೆಟ್ಟಗೆ ಜೈಲಿಗೆ ಕಳಿಸುವಷ್ಟು ತೋರಿಸಿತು. ಕುಡುಕ ಊದಿದರೆ ಸೊನ್ನೆ, ಬಾಳೆಹಣ್ಣು ತಿಂದವನು ಊದಿದರೆ ಕಳ್ಳ. ಇಂಥದ್ದನ್ನು ನೆಚ್ಚಿಕೊಂಡರೆ ಮಗಳು ಇದ್ದಲ್ಲಿಂದ ಇನ್ನೂ ದೂರ ಹೋದಾಳು ಅಂತ ಹೆದರಿದ. ರಜೆ ಹಾಕಿ ನೈರೋಬಿಗೆ ಹೋದ.

ಅಲ್ಲಿ ಅಂಗಡಿಯಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳು ಕೂತಿದ್ದಳು. "ಕಂಪನಿಗಾ, ಸ್ವಂತಕ್ಕಾ?" ಅಂದಳು.

"ಮಗಳಿಗೆ."

"ಪಾಪ, ಮಗಳು ಕುಡೀತಾಳಾ?"

"ಬಿಡ್ತು ಅನ್ನಮ್ಮಾ! ಊದೋನು ನಾನು. ನೋಡೋಳು ಅವಳು."

ಹೆಂಗಸು ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ಕುರ್ಚಿ ಕೊಟ್ಟಳು. "ಹಾಗಾದ್ರೆ ಸೊಸೆ ತರೋವಾಗ ವಿಚಾರಿಸ್ತೀವಲ್ಲ, ಹಾಗೆ ವಿಚಾರಿಸಿ ತಗೋಬೇಕು. ಅಗ್ಗದ್ದು ಎಲ್ಲಾ ವಾಸನೆಗೂ ಬೆದರುತ್ತೆ. ಸೆಂಟು, ಸಿಗರೇಟು, ಹೊಟ್ಟೆಗಿಲ್ದೆ ಉಪವಾಸ ಇದ್ದೋನ ಉಸಿರು, ಎಲ್ಲಾ ಅದಕ್ಕೆ ಹೆಂಡವೇ. ಇದು ನೋಡಿ, ಪೊಲೀಸ್ನೋರ ಕೈಲಿರೋ ಜಾತಿದು. ಮದ್ಯ ಬಿಟ್ಟು ಬೇರೆದಕ್ಕೆ ಬಾಯಿ ಬಿಡೋದು ಕಮ್ಮಿ. ಕೊಳವೆ ಬಿಡಿಯಾಗಿ ಸಿಗುತ್ತೆ. ವರ್ಷಕ್ಕೊಂದ್ಸಲ ನಮ್ಮ ಹತ್ರ ತನ್ನಿ, ತಾಳೆ ನೋಡಿ ಸರಿ ಮಾಡಿ ಕೊಡ್ತೀವಿ."

ತಾಳೆ ನೋಡುವುದು ಅಂದರೇನು ಅಂತ ಮುಚೇಮಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚಹಾ ಸೊಪ್ಪಿನ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳದಿದ್ದರೆ ಸೊಪ್ಪು ಕೀಳುವ ಹೆಂಗಸರು ಗುಮಾಸ್ತನ ಮಾನ ಕಳೆಯುವುದನ್ನು ಅವನು ಕಣ್ಣಾರೆ ಕಂಡಿದ್ದ. ಕಾಸಿನ ಮುಖ ನೋಡದೆ ಅದನ್ನೇ ತಂದ.

ತಂದ ಮೇಲೆ ಅದಕ್ಕೆ ಮಾಡಿದ ಬಾಣಂತನ ಅಷ್ಟಿಷ್ಟಲ್ಲ. ತಿಂದು ಕುಡಿದು ಕಾಲು ಗಂಟೆ ಕಳೆಯದೆ ಊದುವಂತಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾಯುವ ಲಾರಿಯ ಡ್ಯಾಶ್‌ಬೋರ್ಡಿನ ಮೇಲೆ ಇಡುವಂತಿಲ್ಲ. ಕೈ ತೊಳೆಯುವ ಸ್ಪಿರಿಟ್ಟು, ಡೀಸೆಲ್ಲು, ಬಣ್ಣದ ಡಬ್ಬ ಯಾವುದೂ ಹತ್ತಿರ ಸುಳಿಯಬಾರದು. ಅದಕ್ಕೇ ಅಂತ ಹಳೆಯ ಉಣ್ಣೆಯ ಕಾಲುಚೀಲ ಒಗೆದು ಗವಸು ಮಾಡಿದ. "ನಿನ್ನ ಜೇಬಿನ ಪೊಲೀಸಪ್ಪ ಎದ್ನಾ? ಕಾಫಿ ಕುಡಿದ್ನಾ?" ಅಂತ ಫ್ಯಾಕ್ಟರಿಯವರು ಗೇಲಿ ಮಾಡಿದರೆ, "ಎದ್ದ, ನಿಮ್ಮನ್ನೇ ಕೇಳ್ತಿದ್ದ" ಅನ್ನುತ್ತಿದ್ದ.

ಹೀಗೆ ತಿಂಗಳುಗಟ್ಟಲೆ ಸೊನ್ನೆಗಳು ಹೋದವು. ಒಮ್ಮೆ ಅವನಿಗೆ ಜ್ವರ ಬಂದು ಮುಖ ಇಳಿದಿತ್ತು. ಆ ಬೆಳಗ್ಗೆ ನೀಲಿ ಗೀಟಿನ ಕೆಳಗೆ ಒಂದು ಮಾತು ಮೂಡಿತು: "ಹುಷಾರಿಲ್ವಾ?" ಅಷ್ಟೇ. ಮುಚೇಮಿ ಆ ದಿನ ಅದನ್ನು ಸೊಪ್ಪು ತೂಗುವ ಕಟ್ಟೆಗಳಲ್ಲೆಲ್ಲ ತೋರಿಸುತ್ತಾ ಹೋದ. ಓದು ಬಾರದ ಮುದುಕಿಯರಿಗೆ ಗಟ್ಟಿಯಾಗಿ ಓದಿ ಹೇಳಿದ. "ಒಂದು ಮಾತಿಗೆ ಹಿಂಗಾಡ್ತೀಯಲ್ಲೋ, ಅವಳು ಕಾಗದ ಬರೆದ್ರೆ ಏನ್ಮಾಡ್ತೀಯೋ!" ಅಂತ ಅವರು ನಕ್ಕರು. ಜ್ವರ ಬಿಟ್ಟದ್ದಕ್ಕೆ ಅವನಿಗೆ ಒಳಗೊಳಗೇ ಬೇಜಾರಾಯಿತು.

ವರ್ಷ ತುಂಬಿತು. ಮಗಳು ಒಪ್ಪಿದಳು. ಒಂದು ಶನಿವಾರ ಗೊತ್ತಾಯಿತು.

ಆಗ ಶುರುವಾಯಿತು ನೋಡಿ ನಿಜವಾದ ಸಂಕಟ. ಗಂಡಿನ ಕಡೆಯವರು ತಂದ ಜೇನುಹೆಂಡವನ್ನು ಬಟ್ಟಲಂತಿರುವ ಎತ್ತಿನ ಕೊಂಬಿಗೆ ಸುರಿದು ಹುಡುಗಿಯ ಕೈಗೆ ಕೊಡುತ್ತಾರೆ. ಅವಳು ಒಂದು ಗುಟುಕು ಕುಡಿದು ಆ ಕೊಂಬನ್ನು ಎಲ್ಲರ ಎದುರು ತನ್ನ ಅಪ್ಪನ ಕೈಗಿಡಬೇಕು. ಅವನು ಕುಡಿದರೆ ಮದುವೆ ಗಟ್ಟಿ. ಇವನೇ ನನ್ನ ಅಪ್ಪ, ಇವನ ಮನೆಯಿಂದ ನಾನು ಹೊರಟೆ ಅಂತ ಹೆಣ್ಣು ಊರಿಗೆಲ್ಲ ಸಾರುವುದು ಹಾಗೆ. ಆ ಕೊಂಬಿಗಾಗಿ ಮುಚೇಮಿ ಎಷ್ಟು ಹಂಬಲಿಸಿದನೆಂದರೆ, ಲಾರಿ ಓಡಿಸುವಾಗ ಸ್ಟೇರಿಂಗು ಬಿಟ್ಟು ಎರಡೂ ಕೈ ಮುಂದೆ ಚಾಚಿ, ಎದುರಿಗೆ ಬಸ್ಸು ಕಂಡು ಬೆಚ್ಚಿಬಿದ್ದದ್ದೂ ಉಂಟು. ಆದರೆ ಕೊಂಬಿನಲ್ಲಿ ಇರುವುದು ನೀರಲ್ಲವಲ್ಲ! ಕುಡಿದರೆ ವರ್ಷದ ಸೊನ್ನೆಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಕುಡಿಯದಿದ್ದರೆ ಅಪ್ಪ ಮಗಳನ್ನು ಹರಸಲಿಲ್ಲ ಅನ್ನುತ್ತಾರೆ.

"ತುಟಿಗೆ ಸೋಕಿಸಿದ್ರೆ ಸಾಕಲ್ವಾ ಅಣ್ಣ?"

"ತುಟಿಗೆ ಸೋಕಿಸಿ ನಿಲ್ಲಿಸೋನಾ ನೀನು? ಯಾರ ಹತ್ರ ಹೇಳ್ತೀಯಾ?" ಅಂದ ಗಥೋಗೊ. ಆಮೇಲೆ ತಮ್ಮನ ಮುಖ ನೋಡಿ ದನಿ ತಗ್ಗಿಸಿದ. "ಬೇಡ ಅಂದ್ರೆ ನಾನಿದೀನಲ್ಲೋ. ನಿನ್ನ ಬದ್ಲು ನಾನು ಕುಡೀತೀನಿ. ನೀನು ಹಿಂದೆ ಕೂತಿರು."

"ನನ್ನ ಮಗಳ ಕೊಂಬು ನಿಂಗ್ಯಾಕೆ ಕೊಡ್ಲಿ?" ಅಂತ ಮುಚೇಮಿ ಸಿಡುಕಿ ಎದ್ದು ಹೋದ. ಹೇಳಿದ್ದೇನೋ ರೋಷದಿಂದ. ರಾತ್ರಿ ನಿದ್ದೆ ಬರಲಿಲ್ಲ.

ಆ ಹೊತ್ತಿಗೆ ಮೀಟರು ವರ್ಷದ ತಾಳೆ ಮುಗಿಸಿ ನೈರೋಬಿಯಿಂದ ವಾಪಸು ಬಂತು. ಮಾರನೆಯ ಬೆಳಗ್ಗೆ ಊದಿ ಸೊನ್ನೆ ಕಳಿಸಿದ ಮೇಲೆ ಮುಚೇಮಿ ಅದನ್ನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟು ಸೌದೆ ತರಲು ಹಿತ್ತಲಿಗೆ ಹೋಗಿದ್ದ. ಗಥೋಗೊ ಒಳಗೆ ಬಂದ. ಕೈಯಲ್ಲಿ ಕೊಂಬು, ಕಣ್ಣಲ್ಲಿ ನೀರು. ಮಗಳನ್ನು ಮನೆಗೆ ಕರೆತರುತ್ತಿರುವ ಡಬ್ಬಿ ಇದು. ಹೊಸ ಹಸು ಬಂದರೆ ಹರಸುತ್ತೇವೆ, ಹೊಸ ರೇಡಿಯೋ ಬಂದರೆ ಹರಸುತ್ತೇವೆ, ಇದನ್ನು ಹಾಗೇ ಬಿಟ್ಟೆವಲ್ಲಾ ಅಂತ ಅವನ ಕರುಳು ಚುರ್ರೆಂದಿತು. ಆ ಸೀಮೆಯ ಹಿರಿಯರು ಹರಸುವ ರೀತಿ ಒಂದೇ: ಬಾಯಿ ತುಂಬ ಜೇನುಹೆಂಡ ತುಂಬಿಕೊಂಡು, ಫೂ ಅಂತ ಮೇಲೆ ಉಗುಳಿ, ಶಾಂತಿಯಿರಲಿ ಅಂತ 'ಥಾಯ್' ಕೂಗುವುದು.

ಮುಚೇಮಿ ಸೌದೆ ಹೊತ್ತು ಬಾಗಿಲಿಗೆ ಬಂದಾಗ ಗಥೋಗೊ ಮೂರನೆಯ ಸಲ ಉಗಿಯುತ್ತಿದ್ದ.

"ಥಾಯ್! ಈ ಡಬ್ಬಿ ನನ್ನ ತಮ್ಮನ್ನ ಹೆಂಡದಿಂದ ಕಾಯ್ಲಿ! ಫೂ! ಥಾಯ್!"

ಸೌದೆ ಮುಚೇಮಿಯ ಕಾಲ ಮೇಲೆ ಬಿತ್ತು. "ಅಣ್ಣಾ! ಏನ್ ಕೆಲ್ಸ ಮಾಡ್ದೆ ಅಣ್ಣಾ!"

"ಹರಸ್ದೆ ಕಣೋ" ಅಂದ ಗಥೋಗೊ ಬಾಯಿ ಒರೆಸಿಕೊಳ್ಳುತ್ತಾ.

ಹೆಂಡದಿಂದ ಕಾಯಲಿ ಅಂತ ಹೆಂಡವನ್ನೇ ಉಗಿದ ಪುಣ್ಯಾತ್ಮ! ಮುಚೇಮಿ ಬಟ್ಟೆಯಿಂದ ಒರೆಸಿದ, ಒಲೆಯ ದೂರದ ಶಾಖಕ್ಕೆ ಹಿಡಿದ, ಕೊಳವೆ ಸಿಕ್ಕಿಸುವ ತೂತಿಗೆ ಹತ್ತಿ ಹಾಕಿ ತೆಗೆದ. ಜೇನು ಅಂಟು ಅಂಟಾಗಿ ಒಳಗೆ ಇಳಿದುಬಿಟ್ಟಿತ್ತು. ಬೆಳಗ್ಗೆ ಊದಿದ. ಸೊನ್ನೆ ಚುಕ್ಕೆ ಸೊನ್ನೆ ನಾಲ್ಕು. ಬಾಯಿ ತೊಳೆದು ಊದಿದ, ಕೊಳವೆ ಬದಲಿಸಿ ಊದಿದ. ನಾಲ್ಕು ಐದಾಯಿತೇ ಹೊರತು ಸೊನ್ನೆಯಾಗಲಿಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರಂತೆ. ಇವನು ಮಜ್ಜಿಗೆಯನ್ನೂ ಕುಡಿದಿರಲಿಲ್ಲ.

"ಲೇ ದಡ್ಡ, ನಿನ್ನೆದೇ ಫೋಟೋ ಕಳ್ಸು. ಸೊನ್ನೆ ಸೊನ್ನೇನೇ, ನಿನ್ನೆದಾದ್ರೇನು ಇವತ್ತಿಂದಾದ್ರೇನು?" ಅಂದ ಗಥೋಗೊ. ತಪ್ಪಿನ ಅರಿವಾಗಿ ಅವನ ಅಮಲು ಇಳಿದಿತ್ತು.

"ಆಗಲ್ಲಣ್ಣ."

"ಯಾಕಾಗಲ್ಲ? ನೀನೇನು ಕುಡಿದಿದೀಯಾ?"

"ಅವಳಿಗೆ ಇನ್ನೊಂದು ಸುಳ್ಳು ಹೇಳಕ್ಕೆ ನನ್ನ ಕೈಲಿ ಆಗಲ್ಲ" ಅಂದ ಮುಚೇಮಿ. ಇದ್ದ ನಂಬರಿನ ಫೋಟೋ ತೆಗೆದ. ಕೆಳಗೆ ನಡೆದದ್ದನ್ನು ಬರೆದ: ದೊಡ್ಡಪ್ಪ ಮೀಟರಿಗೆ ಹೆಂಡ ಉಗಿದು ಹರಸಿದ ಅವ್ವಾ, ಅದಕ್ಕೆ ಹೀಗೆ. ಓದಿ ನೋಡಿದರೆ ಅವನಿಗೇ ನಂಬಿಕೆ ಬರಲಿಲ್ಲ. ಕಳಿಸಿದ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು.

ಗೀಟು ನೀಲಿಯಾದವು. ಸಂಜೆ ಫೋನು ಮಾಡಿದವಳು ವಂಜುಗು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ ಭಾವ, ಸುಮ್ನೆ ಅಂತಾರಾ? ನಿಮ್ಮಣ್ಣ ಯಂತ್ರದ ಮೇಲೆ ಉಗಿದ್ನಾ? ನಮ್ಮಕ್ಕ ಇದ್ದಾಗಿಂದ ನಿಮ್ಮ ಎಷ್ಟೆಷ್ಟೋ ಕತೆ ಕೇಳಿದೀನಿ. ಇದು ಎಲ್ಲಕ್ಕೂ ಅಪ್ಪ!"

"ಅವ್ವ ಏನಂದ್ಲು ವಂಜುಗು?"

"ಏನೂ ಅನ್ಲಿಲ್ಲ. ಊಟ ಬಿಟ್ಟು ಎದ್ದು ಹೋದ್ಲು. ಶನಿವಾರ ಬರ್ತೀವಿ, ಗಂಡಿನ ಕಡೆಯವರಿಗೆ ಹೇಳಿ ಆಗಿದೆ, ಮರ್ಯಾದೆ ಪ್ರಶ್ನೆ. ಆದ್ರೆ ಕೊಂಬು ನಿಮ್ಮ ಕೈಗೆ ಬರುತ್ತೆ ಅಂತ ಆಸೆ ಇಟ್ಕೋಬೇಡಿ."

ಮುಂದಿನ ಬೆಳಗೂ ಊದಿದ, ಅದರ ಮುಂದಿನ ಬೆಳಗೂ ಊದಿದ. ದಿನಾ ಕೆಟ್ಟ ನಂಬರು, ದಿನಾ ಅದನ್ನೇ ಕಳಿಸಿದ. ರಜೆ ಸಿಕ್ಕಿದ ದಿನ ಮೀಟರು ಹಿಡಿದು ನೈರೋಬಿಗೆ ಓಡಿದ. ಕನ್ನಡಕದ ಹೆಂಗಸು ಡಬ್ಬಿ ಬಿಚ್ಚಿ ಮೂಸಿ ನೋಡಿದಳು. ಕತೆ ಕೇಳಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅವನು ನಗದಿದ್ದದ್ದು ಕಂಡು ಕಣ್ಣು ಒರೆಸಿಕೊಂಡಳು.

"ಒಳಗಿನ ಭಾಗ ಹೋಗಿದೆ ಯಜಮಾನ್ರೇ. ಬದಲಾಯಿಸ್ಬೇಕು. ಶನಿವಾರದೊಳಗೆ ಆಗಲ್ಲ. ಬೇಕಾದ್ರೆ ಅಲ್ಲೀವರೆಗೆ ನಮ್ಮದೊಂದು ತಗೊಂಡು ಹೋಗಿ, ಆಮೇಲೆ ತಂದ್ಕೊಡಿ."

ಮುಚೇಮಿ ಆ ಬೇರೆ ಮೀಟರನ್ನು ಕೈಗೆ ತೆಗೆದುಕೊಂಡು ನೋಡಿದ. ತಿರುಗಿ ಮೇಜಿನ ಮೇಲಿಟ್ಟ. "ಬೇಡಮ್ಮ. ಸೊನ್ನೆ ತೋರಿಸೋ ಮೀಟರ್ ಸಿಗೋ ತನಕ ಹುಡುಕ್ದ ಅಂತಾಳೆ" ಅಂದ.

ಉಳಿದ ದಿನಗಳಲ್ಲಿ ಬೆಳಗ್ಗೆ ಎದ್ದರೆ ಕಂಕುಳು ಬರಿದು. ಕೈ ಅಭ್ಯಾಸಬಲಕ್ಕೆ ಅಲ್ಲಿಗೇ ಹೋಗುತ್ತಿತ್ತು. ಫೋಟೋ ಇಲ್ಲದೆ ಬರೀ ಮಾತು ಕಳಿಸಿದ: ಮೀಟರು ಅಂಗಡಿಯಲ್ಲಿದೆ ಅವ್ವ. ಗೀಟು ನೀಲಿಯಾಗುತ್ತಿದ್ದವು, ಅಷ್ಟೇ.

ಶನಿವಾರ ಅಂಗಳದಲ್ಲಿ ಟೆಂಟು ಎದ್ದಿತು. ಹೆಂಗಸರ ವ್ಯಾನು ಬಂತು. ವಂಜುಗು ಇಳಿದು ಭಾವನ ಹತ್ತಿರ ಬಂದು, ಕೈ ಕುಲುಕುವ ನೆಪದಲ್ಲಿ ಮುಖಕ್ಕೆ ಮುಖ ತಂದು ಮೂಸಿದಳು. ಆಮೇಲೆ ಒಳಗೆ ಹೋದಳು. ಹಿಂದೆ ನ್ಯಾಗೂಥಿ ಇಳಿದಳು. ಹಳದಿ ಬಟ್ಟೆ, ತಲೆಗೆ ಅದೇ ಬಣ್ಣದ ವಸ್ತ್ರ. ಹದಿನಾಲ್ಕು ವರ್ಷದ ಮೇಲೆ ಅವಳು ಆ ಅಂಗಳದಲ್ಲಿ ಕಾಲಿಟ್ಟಿದ್ದಳು. ಮುಚೇಮಿಗೆ ಓಡಿಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು.

ಅವನಿಗಿಂತ ಮೊದಲು ಗಥೋಗೊ ಕೋಲೂರಿಕೊಂಡು ಅಡ್ಡ ಬಂದ. "ಅವ್ವಾ, ಉಗಿದವನು ನಾನೇ. ಹಿರಿಯ ಅಂತ ಹರಸಕ್ಕೆ ಹೋದೆ. ಬೇಕಾದ್ರೆ ನೀನೂ ನನ್ನ ಮುಖಕ್ಕೆ ಉಗಿ."

ಅವಳು ನಗಲಿಲ್ಲ. ಕುಡುಕನಿಗೆ ಕುಡುಕ ಸಾಕ್ಷಿ! ದೊಡ್ಡಪ್ಪನನ್ನು ದಾಟಿ ಬಂದು ಅಪ್ಪನ ಎದುರು ನಿಂತಳು.

"ಮೊದಲ್ನೇ ದಿನ ಕೆಟ್ಟ ನಂಬರ್ ಬಂತಲ್ಲ. ಅದರ ಹಿಂದಿನ ದಿನದ ಫೋಟೋ ಕಳಿಸಬಹುದಿತ್ತು. ಯಾಕೆ ಕಳಿಸ್ಲಿಲ್ಲ?"

ಮುಚೇಮಿಗೆ ಇಷ್ಟು ಸುಲಭದ ಪ್ರಶ್ನೆ ಯಾಕೆ ಕೇಳುತ್ತಿದ್ದಾಳೆ ಅನ್ನಿಸಿತು. "ಅದು ಹಿಂದಿನ ದಿನದ್ದಲ್ವಾ ಅವ್ವ" ಅಂದ.

ಅವಳು ಅವನನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಂತಾಯಿತು. ಅಷ್ಟರಲ್ಲಿ ಗಂಡಿನ ಕಡೆಯವರು ಹಾಡು ಹೇಳುತ್ತಾ ಬೇಲಿಯಾಚೆ ಬಂದರು. ವಂಜುಗು ಅವಳ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಮಾತು, ಚೌಕಾಸಿ, ಕುಚೋದ್ಯ ಎಲ್ಲ ಮುಗಿಯುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಹಿರಿಯರು ಸಾಲಾಗಿ ಕೂತರು. ಮುಚೇಮಿ ಅಪ್ಪನ ಪೀಠದಲ್ಲಿ, ಪಕ್ಕದಲ್ಲಿ ಗಥೋಗೊ. ಗಂಡಿನ ಕಡೆಯ ಯಜಮಾನ, ಉದ್ದ ಕಿವಿಯ ಮುದುಕ, ಸೋರೆಬುರುಡೆಯಿಂದ ಕೊಂಬಿಗೆ ಹೆಂಡ ಸುರಿದ. ನೊರೆ ಉಕ್ಕಿತು. ಆ ವಾಸನೆ! ಮುಚೇಮಿಯ ನಾಲಗೆಯ ಬುಡದಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಬೇಕು.

"ಮಗಳೇ, ಇದನ್ನ ನಾವು ಕುಡಿಯೋಣ್ವಾ? ಕುಡಿದ ಮೇಲೆ ಮನಸ್ಸು ಬದ್ಲಾಯ್ತು ಅಂತ ನಮ್ಮ ಕೈಲಿ ವಾಂತಿ ಮಾಡಿಸೋ ಹಾಗಿಲ್ಲ, ನೋಡು" ಅಂದ ಮುದುಕ.

ನ್ಯಾಗೂಥಿ ಕೊಂಬು ತೆಗೆದುಕೊಂಡು ಒಂದು ಗುಟುಕು ಕುಡಿದಳು. "ಕುಡೀರಿ" ಅಂದಳು. ಹೆಂಗಸರು ಕೂಗು ಹಾಕಿದರು. ಅವಳು ನಡೆದು ಬಂದಳು, ನೆಟ್ಟಗೆ ಅಪ್ಪನ ಕಡೆಗೇ.

ಮುಚೇಮಿ ಎದ್ದು ನಿಂತು ಎರಡೂ ಕೈ ಚಾಚಿದ. ಮಗಳಿಗಾಗಿ ಚಾಚಿದನೋ ಕೊಂಬಿನಲ್ಲಿದ್ದದ್ದಕ್ಕೋ ಅವನಿಗೇ ತಿಳಿಯಲಿಲ್ಲ. ಕೊಟ್ಟರೆ ಕುಡಿದೇಬಿಡುತ್ತಿದ್ದ. ಅದು ಅವನಿಗೆ ಗೊತ್ತಿತ್ತು. ಒಂದು ಸಲ ಅವಳ ಕೈಯಿಂದ ತೆಗೆದುಕೊಂಡರೆ ಸಾಕು, ಆಮೇಲೆ ಹಾಳಾಗಿ ಹೋದರೂ ಹೋಗಲಿ ಅನ್ನಿಸಿತ್ತು.

ಅವಳು ಆ ಕೈಗಳನ್ನು ನೋಡಿದಳು. ಆಮೇಲೆ ಅವನನ್ನು ದಾಟಿ, ಬಗ್ಗಿ, ಕೊಂಬನ್ನು ಗಥೋಗೊನ ಕೈಗಿಟ್ಟಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಲ್ಲರೆದುರು ಇನ್ನೊಂದು ಸಲ 'ಇವರು ಯಾರೋ' ಅನ್ನಿಸಿಕೊಂಡೆ ಅಂತ ಮುಚೇಮಿಯ ಕಣ್ಣು ಕತ್ತಲಿಟ್ಟಿತು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ ಅಂತಲೂ ಹೊಳೆಯಲಿಲ್ಲ.

"ನಂಗಲ್ಲ ಕಣವ್ವಾ, ಅಲ್ಲಿ..." ಅಂತ ಗಥೋಗೊ ತೊದಲಿದ. ಹುಟ್ಟಿದ ಮೇಲೆ ಮೊದಲ ಸಲ ಅವನ ಕೈಯಲ್ಲಿ ತುಂಬಿದ ಕೊಂಬಿದ್ದೂ ಬಾಯಿಗೆ ಏರಲಿಲ್ಲ.

ಉದ್ದ ಕಿವಿಯ ಮುದುಕ ಎದ್ದ. "ಇದೇನಮ್ಮಾ ಇದು? ಅಪ್ಪ ಜೀವಂತ ನಿಂತಿರೋವಾಗ ದೊಡ್ಡಪ್ಪಂಗೆ ಕೊಡ್ತೀಯಾ? ಈ ಮನೇಲಿ ಜಗಳ ಇದ್ರೆ, ಶಾಪ ಇದ್ರೆ ಈಗ್ಲೇ ಹೇಳ್ಬಿಡು. ನಾವು ಬಂದ ದಾರೀಲೇ ವಾಪಸ್ ಹೋಗ್ತೀವಿ."

ನ್ಯಾಗೂಥಿ ತಿರುಗಿ ನಿಂತಳು. ಬೇಲಿಯಾಚೆ ನಿಂತವರಿಗೂ ಕೇಳುವ ಹಾಗೆ ಹೇಳಿದಳು.

"ನಮ್ಮಪ್ಪ ಕುಡಿಯಲ್ಲ."

"ಶಾಸ್ತ್ರಕ್ಕೆ ಒಂದು ಗುಟುಕು..."

"ಒಂದು ಗುಟುಕೂ ಇಲ್ಲ. ನಮ್ಮಪ್ಪ ಕುಡಿಯಲ್ಲ ಅಂದ್ನಲ್ಲ. ಯಾರು ಬೇಕಾದ್ರೂ ಬಂದು ಊದಿಸಿ ನೋಡ್ಕೊಳ್ಳಿ." ಅಷ್ಟು ಹೇಳಿ ಅಡುಗೆ ಗುಡಿಸಲಿಗೆ ಹೋದಳು.

ಮುದುಕರು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಿಂದ ಯಾರೋ ಮುದುಕಿ, "ಕುಡೀದೇ ಇರೋ ಅಪ್ಪ ಅಂದ್ರೆ ಒಳ್ಳೇದೇ ಅಲ್ವೇನ್ರೋ, ಅದಕ್ಕ್ಯಾಕೆ ಮುಖ ಗಂಟಿಕ್ಕೋತೀರಿ?" ಅಂದಳು. ನಗು ಎದ್ದಿತು. ಗಥೋಗೊ ಕಣ್ಣು ಮುಚ್ಚಿಕೊಂಡು ಕೊಂಬು ಎತ್ತಿದ.

ಮುಚೇಮಿ ಚಾಚಿದ ಕೈ ಇಳಿಸಿ ಕೂತ. ಯಾರೋ ಹಾಡು ಶುರು ಮಾಡಿದರು, ಅವನಿಗೆ ಕೇಳಿಸಲಿಲ್ಲ. ನ್ಯಾಗೂಥಿ ಸೋರೆಬುರುಡೆಯ ಬಟ್ಟಲಲ್ಲಿ ಬಿಸಿ ಅಂಬಲಿ ತಂದು ಅವನ ಕೈಗಿಟ್ಟಳು. ಅವನು ಹಿಡಿದುಕೊಂಡ. ಹಬೆ ಮುಖಕ್ಕೆ ಹೊಡೆಯುತ್ತಿತ್ತು, ಕಣ್ಣೀರು ಬಟ್ಟಲಿಗೆ ಬೀಳುತ್ತಿತ್ತು. ಅವಳು ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು.

"ಆರೋಗ್ತದೆ" ಅಂದಳು. "ಕುಡಿಯಪ್ಪಾ."